ಬ್ಲೋಯರ್ ಬದಲಿಸುವ ಮುನ್ನ: ಪೆಟ್ರೋಲ್ ಸೋರಿದ ಮಣ್ಣಿನ ಆವಿ ಹೀರುವ ಘಟಕ ಮುನಿಸಿಕೊಂಡಾಗ

ಸೆಪ್ಟೆಂಬರ್ ಬಂತೆಂದರೆ ನನಗೆ ಒಂದೇ ಬಗೆಯ ಕರೆ ಬರುತ್ತದೆ. "ಬ್ಲೋಯರ್ ಕೆಟ್ಟಿದೆ ಸಾರ್, ಹೊಸದಕ್ಕೆ ಕೊಟೇಶನ್ ಕಳುಹಿಸಿ." ಬೆಂಗಳೂರಿನಲ್ಲಿ ಮಳೆ ಜೋರಾಗುವ ತಿಂಗಳು ಅದು. ಇಂಧನ ಸೋರಿದ ಜಾಗಗಳಲ್ಲಿ ಮಣ್ಣಿನ ಆವಿ ಹೀರುವ ಘಟಕಗಳು ಮುನಿಸಿಕೊಳ್ಳುವುದೂ ಆಗಲೇ. ಹೋಗಿ ನೋಡಿದರೆ ಬಹುಪಾಲು ಸಲ ಬ್ಲೋಯರ್ ಕಲ್ಲುಗುಂಡಿನಂತೆ ಗಟ್ಟಿಯಾಗಿರುತ್ತದೆ. ತಪ್ಪಿರುವುದು ನೆಲದೊಳಗಿನ ಲೆಕ್ಕ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ಒಳ್ಳೆಯ ಬ್ಲೋಯರನ್ನು ಬಿಚ್ಚಿಸಿ ಹೊಸದನ್ನು ಕೂರಿಸಿದ್ದೆ. ಹೊಸದೂ ಹಳೆಯದರಂತೆಯೇ ಗೊಣಗಿತು. ಬಾವಿಯೊಳಗೆ ನೀರು ಏರಿ ಕುಳಿತಿದೆ ಎಂದು ಹೊಳೆದದ್ದು ಮೂರನೆಯ ದಿನ. ಆ ಬಿಲ್ಲಿನ ವಿಚಾರವಾಗಿ ಮಾಲೀಕರ ಮುಂದೆ ನಿಂತದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಘಟಕ ಏನು ಮಾಡುತ್ತದೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ನೀರಿನ ಮಟ್ಟಕ್ಕಿಂತ ಮೇಲಿರುವ ಮಣ್ಣಿನಲ್ಲಿ ಸೀಳುಗಳಿರುವ ಪಿವಿಸಿ ಕೊಳವೆಯನ್ನು ಇಳಿಸಿ ಸುತ್ತ ಜಲ್ಲಿ ತುಂಬುತ್ತಾರೆ. ಮೇಲ್ಭಾಗವನ್ನು ಬೆಂಟೊನೈಟ್ ಜೇಡಿಯಿಂದಲೂ ಸಿಮೆಂಟಿನಿಂದಲೂ ಮುಚ್ಚುತ್ತಾರೆ. ಇದು ಹೀರುಬಾವಿ. ಬ್ಲೋಯರ್ ಅದರಿಂದ ಗಾಳಿಯನ್ನು ಎಳೆದಾಗ ಮಣ್ಣಿನ ಸಂದುಗಳಲ್ಲಿ ಗಾಳಿ ಹರಿದು, ಅಂಟಿಕೊಂಡ ಪೆಟ್ರೋಲ್ ಆವಿಯಾಗಿ ಅದರ ಜೊತೆ ಬರುತ್ತದೆ. ದಾರಿಯಲ್ಲಿ ನೀರು ಬೇರ್ಪಡಿಸುವ ಡ್ರಮ್, ದೂಳಿನ ಫಿಲ್ಟರ್, ಬ್ಲೋಯರ್, ಕೊನೆಗೆ ತೆಂಗಿನ ಕರಟದ ಸಕ್ರಿಯ ಇದ್ದಿಲು ತುಂಬಿದ ಎರಡು ಡ್ರಮ್ಮುಗಳು. ಇದ್ದಿಲು ಆವಿಯನ್ನು ಹಿಡಿದುಕೊಂಡು ಗಾಳಿಯನ್ನು ಹೊರಗೆ ಬಿಡುತ್ತದೆ.

ಪೆಟ್ಟಿಗೆ ತೆರೆಯುವ ಮೊದಲು ಒಂದು ಮಾತು. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ 1.4ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಮಿತಿಯ ಕಾಲುಭಾಗ ದಾಟದಂತೆ ಹೊರಗಾಳಿ ಬೆರೆಸುವ ವಾಲ್ವನ್ನು ಹೊಂದಿಸಿಕೊಂಡಿರಬೇಕು. ನಿರ್ವಾತದ ಕೊಳವೆಯಲ್ಲಿ ಸೋರಿಕೆ ಹುಡುಕಲು ಊದುಬತ್ತಿ ಹಚ್ಚಿ ತಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಯುಧಪೂಜೆಯ ಕರ್ಪೂರವೂ ಗೇಟಿನ ಹೊರಗೇ ಇರಲಿ. ಕುಂಕುಮ, ಹೂವು, ಕುಂಬಳಕಾಯಿಗೆ ನನ್ನ ತಕರಾರಿಲ್ಲ. ಕಾದ ತಂತಿಯಿಂದ ಗಾಳಿಯ ವೇಗ ಅಳೆಯುವ ಸಾಮಾನ್ಯ ಉಪಕರಣವನ್ನೂ ಈ ಕೊಳವೆಯೊಳಗೆ ತೂರಿಸಬೇಡಿ.

ಎರಡು ಅಂಕಿಗಳ ಜಾತಕ

ಹೀರುಬಾವಿಯ ತಲೆಯಲ್ಲಿ ಎರಡು ಅಂಕಿಗಳನ್ನು ಒಟ್ಟಿಗೇ ಬರೆದುಕೊಳ್ಳಿ: ನಿರ್ವಾತ ಎಷ್ಟು, ಗಾಳಿಯ ಹರಿವು ಎಷ್ಟು. ಒಂದನ್ನೇ ನೋಡಿದವರು ದಾರಿ ತಪ್ಪುತ್ತಾರೆ. ಗೇಜ್ ಮೇಲೆ ನಂಬಿಕೆ ಇಲ್ಲದಿದ್ದರೆ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಬಾವಿಯ ತಲೆಗೆ ಸಿಕ್ಕಿಸಿ. ಎರಡು ಕಡೆಯ ನೀರಿನ ವ್ಯತ್ಯಾಸವೇ ನಿರ್ವಾತ, ಸೆಂಟಿಮೀಟರ್ ಲೆಕ್ಕದಲ್ಲಿ. ಇದು ಸುಳ್ಳು ಹೇಳುವುದಿಲ್ಲ, ಕ್ಯಾಲಿಬ್ರೇಶನ್ ಕೇಳುವುದಿಲ್ಲ.

ನಿರ್ವಾತ ಏರಿ ಹರಿವು ಇಳಿದಿದ್ದರೆ ನೆಲ ಬಾಯಿ ಮುಚ್ಚುತ್ತಿದೆ ಎಂದರ್ಥ: ಮಣ್ಣು ಒದ್ದೆಯಾಗಿದೆ, ಬಾವಿಯಲ್ಲಿ ನೀರು ಏರಿದೆ, ಇಲ್ಲವೇ ಕೊಳವೆಯ ಸೀಳುಗಳು ಕಟ್ಟಿಕೊಂಡಿವೆ. ನಿರ್ವಾತ ಇಳಿದು ಹರಿವು ಏರಿದ್ದರೆ ನೆಲದಲ್ಲಿ ಎಲ್ಲೋ ಅಡ್ಡದಾರಿ ತೆರೆದಿದೆ. ಎರಡೂ ಇಳಿದಿದ್ದರೆ ತೊಂದರೆ ಬಾವಿಯಿಂದ ಈಚೆಗೆ, ಅಂದರೆ ಕೊಳವೆಯಲ್ಲಿ, ಫಿಲ್ಟರಿನಲ್ಲಿ ಅಥವಾ ಬ್ಲೋಯರಿನಲ್ಲಿ. ಬ್ಲೋಯರನ್ನು ಅನುಮಾನಿಸಲು ನಿಮಗೆ ಪರವಾನಗಿ ಸಿಗುವುದು ಇಲ್ಲಿ ಮಾತ್ರ. ಎರಡೂ ಏರಿದ್ದರೆ ಯಾರೋ ಪಕ್ಕದ ಬಾವಿಯ ವಾಲ್ವನ್ನೋ ಹೊರಗಾಳಿಯ ವಾಲ್ವನ್ನೋ ಮುಚ್ಚಿದ್ದಾರೆ; ಹೋಗಿ ಕಾವಲುಗಾರನನ್ನು ಕೇಳಿ.

ಬದಲಾವಣೆ ಎಷ್ಟು ಹೊತ್ತಿನಲ್ಲಿ ಆಯಿತು ಎಂಬುದೂ ಮುಖ್ಯ. ನಿಮಿಷಗಳಲ್ಲಿ ಆದದ್ದು ವಾಲ್ವ್ ಅಥವಾ ಕರೆಂಟಿನ ಕೆಲಸ. ಗಂಟೆಗಳಲ್ಲಿ ಆದದ್ದು ನೀರಿನ ಕೆಲಸ. ವಾರಗಟ್ಟಲೆ ನಿಧಾನವಾಗಿ ಆದದ್ದು ಮಣ್ಣಿನ ಕೆಲಸ. ಫೆಬ್ರುವರಿಯಿಂದ ಏಪ್ರಿಲ್ ತನಕ ಹರಿವು ಮೆಲ್ಲನೆ ಏರುತ್ತ ನಿರ್ವಾತ ಮೆಲ್ಲನೆ ಇಳಿಯುತ್ತ ಹೋದರೆ ಗಾಬರಿ ಬೇಡ, ಮಣ್ಣು ಒಣಗುತ್ತಿದೆ, ನಮ್ಮ ಕೆಲಸಕ್ಕೆ ಅದು ಒಳ್ಳೆಯದೇ.

ಮೊದಲ ದಿನದಿಂದಲೇ ನಿರ್ವಾತ ವಿಪರೀತ, ಹರಿವು ಅತ್ಯಲ್ಪ ಎಂದಾದರೆ ಅದು ದೋಷವಲ್ಲ, ಜಾಗದ ಗುಣ. ನಮ್ಮೂರಿನ ಗರಸು ಮಿಶ್ರಿತ ಕೆಂಪು ಮಣ್ಣು, ಅದರಡಿಯ ಶಿಥಿಲ ಶಿಲೆ ಗಾಳಿಯನ್ನು ತಕ್ಕಮಟ್ಟಿಗೆ ಬಿಡುತ್ತವೆ. ಕೆರೆಯ ಗೋಡು ಬಿಡುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಹೀಗೆ ಮುಚ್ಚಿಹೋದ ಕೆರೆಗಳು ಈ ಊರಿನಲ್ಲಿ ಇನ್ನೂ ಇವೆ. ಹಳೆಯ ನಕ್ಷೆಯಲ್ಲಿ ನಿಮ್ಮ ಜಾಗ ಕೆರೆಯೊಳಗೆ ಬಿದ್ದಿದ್ದರೆ ಬ್ಲೋಯರನ್ನು ಬೈದು ಫಲವಿಲ್ಲ.

ನೀರು

ಅತಿ ಹೆಚ್ಚು ಮೋಸ ಮಾಡುವುದು ಇದೇ. "ಇಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ, ಬಾವಿಯಲ್ಲಿ ನೀರು ಎಲ್ಲಿಂದ ಬರಬೇಕು?" ಎಂದು ಜಾಗದ ಮಾಲೀಕರು ನಗುತ್ತಾರೆ. ಕೊಳವೆಬಾವಿಯ ಆಳಕ್ಕೂ ಮೇಲ್ಪದರದ ನೀರಿಗೂ ಸಂಬಂಧ ಕಡಿಮೆ. ಶಿಥಿಲ ಶಿಲೆಯ ಮೇಲೆ ನಿಲ್ಲುವ ನೀರು ಮಳೆಯಿಂದಲೂ ಬರುತ್ತದೆ, ಸೋರುವ ಕುಡಿಯುವ ನೀರಿನ ಮತ್ತು ಒಳಚರಂಡಿಯ ಕೊಳವೆಗಳಿಂದಲೂ ಬರುತ್ತದೆ. ಆರೇಳು ಮೀಟರಿನಲ್ಲೇ ನೀರು ಸಿಗುವ ಬಡಾವಣೆಗಳು ನಗರದೊಳಗೆ ಇವೆ.

ಇದರ ಮೇಲೆ ನಿರ್ವಾತದ ಆಟ ಬೇರೆ. ಬಾವಿಯಲ್ಲಿ 60 ಸೆಂ.ಮೀ. ನಿರ್ವಾತ ಇದ್ದರೆ ಅದರೊಳಗಿನ ನೀರು 60 ಸೆಂ.ಮೀ. ಮೇಲೇರುತ್ತದೆ, ಸ್ಟ್ರಾ ಹಾಕಿ ಎಳನೀರು ಹೀರಿದಂತೆ. ಒಂದು ಉದಾಹರಣೆ ನೋಡಿ. ಕೊಳವೆಯ ಸೀಳುಗಳು 3ರಿಂದ 6 ಮೀಟರ್ ಆಳದವರೆಗೆ ಇವೆ. ಬೇಸಿಗೆಯಲ್ಲಿ ನೀರು 7 ಮೀಟರಿನಲ್ಲಿತ್ತು, ತೊಂದರೆಯಿಲ್ಲ. ಮಳೆಯ ನಂತರ 5.2 ಮೀಟರಿಗೆ ಬಂತು. ನಿರ್ವಾತದ 60 ಸೆಂ.ಮೀ. ಸೇರಿ ಬಾವಿಯೊಳಗೆ 4.6 ಆಯಿತು. ಮೂರು ಮೀಟರ್ ಸೀಳಿನಲ್ಲಿ ಗಾಳಿಗೆ ಉಳಿದದ್ದು 1.6 ಮೀಟರ್. ಹರಿವು ಕುಸಿಯಿತು. ಆಪರೇಟರ್ ಏನು ಮಾಡುತ್ತಾನೆ? ಹೊರಗಾಳಿಯ ವಾಲ್ವ್ ಮುಚ್ಚಿ ನಿರ್ವಾತವನ್ನು 120ಕ್ಕೆ ಏರಿಸುತ್ತಾನೆ. ನೀರು 4 ಮೀಟರಿಗೆ ಏರುತ್ತದೆ, ಉಳಿಯುವುದು ಒಂದೇ ಮೀಟರ್. ಹೆಚ್ಚು ಎಳೆದಷ್ಟೂ ಕಡಿಮೆ ಬರುತ್ತದೆ. ಇದು ಗೊತ್ತಿಲ್ಲದವರು "ಇನ್ನೂ ದೊಡ್ಡ ಬ್ಲೋಯರ್ ಬೇಕು" ಎನ್ನುವ ತೀರ್ಮಾನಕ್ಕೆ ಬರುತ್ತಾರೆ, ನಾನು ಬಂದಂತೆ.

ಪರೀಕ್ಷೆ ಸುಲಭ, ಆದರೆ ಎಲ್ಲರೂ ತಪ್ಪಾಗಿ ಮಾಡುತ್ತಾರೆ. ಬಾವಿಯ ಮುಚ್ಚಳ ತೆಗೆದು ಟೇಪ್ ಇಳಿಸಿದರೆ ಆ ಕ್ಷಣವೇ ನಿರ್ವಾತ ಹೋಗಿ ನೀರು ಇಳಿಯತೊಡಗುತ್ತದೆ. ನಿಮ್ಮ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿದೆ ಎಂದು ದಾಖಲಾಗುತ್ತದೆ. ಮುಚ್ಚಳದಲ್ಲಿ ರಬ್ಬರ್ ಬುಷ್ ಇರುವ ರಂಧ್ರ ಮಾಡಿಸಿ, ಘಟಕ ಓಡುವಾಗಲೇ ಮಟ್ಟದ ಟೇಪ್ ಇಳಿಸಿ. ಅದಿಲ್ಲದಿದ್ದರೆ ನಿಲ್ಲಿಸಿದ ತಕ್ಷಣ ಒಮ್ಮೆ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಮಟ್ಟ ಕೆಳಗೆ ಜಾರುತ್ತಿದ್ದರೆ ಕಳ್ಳ ಸಿಕ್ಕಿದ. ಮದ್ದು ನಿರ್ವಾತವನ್ನು ಇಳಿಸುವುದು; ಅದಕ್ಕೂ ಬಗ್ಗದಿದ್ದರೆ ಬಾವಿಯೊಳಗೆ ಸಣ್ಣ ಪಂಪ್ ಇಟ್ಟು ನೀರನ್ನು ತೆಗೆಯುವುದು.

ಎರಡನೆಯ ನೀರು ಕೊಳವೆಯೊಳಗಿನದು. ಒಂದು ಜಾಗದ ರಾತ್ರಿ ಕಾವಲುಗಾರರು ಹೇಳಿದ್ದರು: "ಹನ್ನೊಂದು ಗಂಟೆಯ ಮೇಲೆ ಇದರ ದನಿ ಬದಲಾಗುತ್ತದೆ ಸಾರ್. ಹುಕ್ಕಾ ಎಳೆದ ಹಾಗೆ ಗೊಳಗೊಳ ಎನ್ನುತ್ತದೆ." ಹಗಲು ಹೋದ ನಮಗೆ ಏನೂ ಕೇಳಿಸಿರಲಿಲ್ಲ. ಅದು ಜನವರಿ. ನೆಲದಿಂದ ಬರುವ ಬೆಚ್ಚನೆಯ ತೇವದ ಗಾಳಿ ರಾತ್ರಿಯ ತಣ್ಣನೆಯ ಕೊಳವೆಗೆ ತಾಗಿ ಬೆವರುತ್ತಿತ್ತು. ಕ್ಲಾಂಪ್ ಕಳಚಿ ಕೊಳವೆ ಜೋತುಬಿದ್ದಿದ್ದ ಕಡೆ ನೀರು ಮಡುಗಟ್ಟಿ ದಾರಿಯನ್ನು ಕಟ್ಟುತ್ತಿತ್ತು. ಬ್ಲೋಯರಿನ ಬಾಯಲ್ಲಿ ನಿರ್ವಾತ ಹೆಚ್ಚು, ಬಾವಿಯ ತಲೆಯಲ್ಲಿ ಕಡಿಮೆ: ನಡುವೆ ಏನೋ ಅಡ್ಡ ಕುಳಿತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕೊಳವೆಗೆ ಬಾವಿಯ ಕಡೆಗೋ ನೀರಿನ ಡ್ರಮ್ಮಿನ ಕಡೆಗೋ ಒಂದೇ ಸಮನೆ ಇಳಿಜಾರು ಕೊಟ್ಟ ಮೇಲೆ ಹುಕ್ಕಾ ನಿಂತಿತು.

ಡ್ರಮ್ಮಿನ ಫ್ಲೋಟ್ ಸ್ವಿಚ್ ಬ್ಲೋಯರನ್ನು ಪದೇ ಪದೇ ನಿಲ್ಲಿಸುತ್ತಿದ್ದರೆ ಅದರ ತಂತಿ ಕಿತ್ತು ನೇರ ಜೋಡಿಸುವ ಜಾಣತನ ಬೇಡ. ನೀರು ಬ್ಲೋಯರಿಗೆ ನುಗ್ಗಿದರೆ ಆಗ ನಿಜವಾಗಿಯೂ ಕೊಟೇಶನ್ ಬೇಕಾಗುತ್ತದೆ. ಘಟಕ ಓಡುವಾಗ ಡ್ರಮ್ಮಿನ ತಳದ ವಾಲ್ವ್ ತೆರೆದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಿಲ್ಲಿಸಿ ಖಾಲಿ ಮಾಡಿ. ಆ ನೀರಿನಲ್ಲಿ ಬೆಂಜೀನ್ ಕರಗಿರುತ್ತದೆ. ರಾಜಕಾಲುವೆಗೆ ಸುರಿದರೆ ಒಂದು ಕಡೆಯ ಕೊಳೆಯನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಯಿತು.

ಅಡ್ಡದಾರಿ

ಹರಿವು ಚೆನ್ನಾಗಿದೆ, ಆದರೆ ಪೆಟ್ರೋಲ್ ಬರುತ್ತಿಲ್ಲ. ಎಲ್ಲರಿಗೂ ಖುಷಿ: "ಮಣ್ಣು ಶುದ್ಧವಾಯಿತು!" ಆಗ ಹೀರಿದ ಗಾಳಿಯ ಆಮ್ಲಜನಕವನ್ನು ಅಳೆಯಿರಿ. ಹೊರಗಾಳಿಯಲ್ಲಿ ಅದು ಶೇ 20.9. ಇಂಧನ ತುಂಬಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಹಾಗಾಗಿ ಅಲ್ಲಿಂದ ಬಂದ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇರಬೇಕು. ಕಲುಷಿತ ಜಾಗದ ಬಾವಿ ದಿಢೀರನೆ ಬೀದಿಯ ಗಾಳಿಯಂತೆ 20.5 ತೋರಿಸಿದರೆ ಅದು ಬೀದಿಯ ಗಾಳಿಯೇ.

ಎಲ್ಲಿಂದ? ಮೊದಲು ಬಾವಿಯ ಕುತ್ತಿಗೆ. ಮಾರ್ಚ್ ಏಪ್ರಿಲ್‌ನಲ್ಲಿ ಬೆಂಟೊನೈಟ್ ಒಣಗಿ ಬಿರಿಯುತ್ತದೆ. ಸುತ್ತ ಒಂದು ಬಕೆಟ್ ನೀರು ಸುರಿದು ಗೇಜ್ ನೋಡುತ್ತ ನಿಲ್ಲಿ; ಕೆಲವೇ ನಿಮಿಷಗಳಲ್ಲಿ ನಿರ್ವಾತ ಏರಿದರೆ ಬಿರುಕು ಅಲ್ಲೇ. ಆಮೇಲೆ ನೆಲಹಾಸು: ಬಂಕಿನ ಕಾಂಕ್ರೀಟ್ ಒಡೆದಿದೆಯೇ, ಅಥವಾ ಚೆಂದಕ್ಕೆಂದು ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆಯೇ? ಆಮೇಲೆ ಅಗೆತ. ಒಳಚರಂಡಿಗೂ ಕೇಬಲ್ಲಿಗೂ ತೋಡಿದ ಕಾಲುವೆಯಲ್ಲಿ ತುಂಬಿದ ಮಣ್ಣು ಮೂಲ ಮಣ್ಣಿಗಿಂತ ಸಡಿಲ. ಈ ಊರಿನಲ್ಲಿ ರಸ್ತೆ ಅಗೆಯದ ವಾರ ಯಾವುದು?

ನನ್ನನ್ನು ಹೆಚ್ಚು ಕಾಡಿದ್ದು ಇದಾವುದೂ ಅಲ್ಲ. ಒಂದು ಹಳೆಯ ಬಂಕಿನ ಜಾಗದಲ್ಲಿ ನಾಲ್ಕು ಬಾವಿಗಳಲ್ಲಿ ಪೂರ್ವದ ಒಂದೇ ಬಾವಿ ಹೀಗೆ ಸಡಿಲವಾಯಿತು. ಕುತ್ತಿಗೆ ಸರಿ, ನೆಲ ಸರಿ, ಅಗೆತವಿಲ್ಲ. ಸುತ್ತಲಿನ ನಿಗಾ ಕೊಳವೆಗಳಲ್ಲಿ ನಿರ್ವಾತ ಅಳೆದಾಗ ಮೂರು ದಿಕ್ಕಿನಲ್ಲಿ ಇತ್ತು, ಕಾಂಪೌಂಡಿನ ಕಡೆ ಸೊನ್ನೆ. ಗೋಡೆಯಾಚೆ ಇಣುಕಿದರೆ ಪಕ್ಕದ ಮನೆಯವರು ಮಳೆನೀರಿಗೆಂದು ಹೊಸದಾಗಿ ಇಂಗುಬಾವಿ ತೋಡಿಸಿದ್ದರು: ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ಬಳೆಗಳು. ಮುಚ್ಚಳದ ರಂಧ್ರಕ್ಕೆ ಕಾಗದದ ಚೂರು ಹಿಡಿದರೆ ಒಳಕ್ಕೆ ಎಳೆದುಕೊಂಡಿತು. ನಮ್ಮ ಬ್ಲೋಯರ್ ದಿನವಿಡೀ ಅವರ ಇಂಗುಬಾವಿಯಿಂದ ಉಸಿರಾಡುತ್ತಿತ್ತು.

ಮನೆಯವರದು ತಪ್ಪಿಲ್ಲ. ಮಳೆನೀರು ಕೊಯ್ಲು ಇಲ್ಲಿ ಬಹಳಷ್ಟು ಕಟ್ಟಡಗಳಿಗೆ ಕಡ್ಡಾಯ. ಆದರೆ ಪೆಟ್ರೋಲ್ ಸೋರಿದ ಮಣ್ಣಿನ ಪಕ್ಕ ನೀರು ಇಂಗಿಸಿದರೆ ಕೊಳೆ ಕೆಳಗಿಳಿಯುತ್ತದೆ, ಘಟಕ ನಿಂತಾಗ ಆವಿ ಅದೇ ಬಾವಿಯಿಂದ ಮೇಲೆ ಬರಬಹುದು. ಅವರ ಅಂಗಳದಲ್ಲಿ ಕುಳಿತು ಎರಡು ಲೋಟ ಕಾಫಿ ಕುಡಿದು ವಿವರಿಸಿದ ಮೇಲೆ, ಚಾವಣಿಯ ನೀರನ್ನು ಸಂಪಿಗೆ ತಿರುಗಿಸಿ ಇಂಗುಬಾವಿಗೆ ಗಾಳಿಯಾಡದ ಮುಚ್ಚಳ ಹಾಕಲು ಒಪ್ಪಿದರು, ಖರ್ಚು ನಮ್ಮದು. ಆಮ್ಲಜನಕ ಮೂರೇ ದಿನದಲ್ಲಿ ಇಳಿಯಿತು, ಪೆಟ್ರೋಲ್ ಮತ್ತೆ ಬರತೊಡಗಿತು.

ಕರೆಂಟು ಮತ್ತು ಬ್ಲೋಯರ್

ಇಲ್ಲಿ ಚುರುಕಾಗಿ ಮುಗಿಸುತ್ತೇನೆ. ಬ್ಲೋಯರ್ ಓಡಿದ ಗಂಟೆಗಳ ಮೀಟರನ್ನು ಕ್ಯಾಲೆಂಡರಿನ ಜೊತೆ ತಾಳೆ ನೋಡಿ. ಕರೆಂಟು ಹೋಗಿ ಬಂದಾಗ ಸ್ಟಾರ್ಟರ್ ತಾನಾಗಿ ಹಿಡಿಯುವುದಿಲ್ಲ; ಹಸಿರು ಗುಂಡಿ ಒತ್ತುವವರು ಬರುವ ತನಕ ಘಟಕ ಮಲಗಿರುತ್ತದೆ. ಹೀಗೆ ಕಳೆದ ಗಂಟೆಗಳನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ಇದಕ್ಕಿಂತ ಅಪಾಯದ್ದು, ಕೇಬಲ್ ದುರಸ್ತಿಯಾದ ಮೇಲೆ ಮೂರು ಫೇಸುಗಳಲ್ಲಿ ಎರಡು ಅದಲುಬದಲಾಗಿ ಮೋಟರ್ ಹಿಮ್ಮುಖ ತಿರುಗುವುದು. ಆಗ ಗಾಳಿ ನೆಲದೊಳಕ್ಕೆ ನುಗ್ಗಿ ಆವಿಯನ್ನು ಅಕ್ಕಪಕ್ಕದ ಸಂಪು, ಲಿಫ್ಟ್ ಗುಂಡಿ, ನೆಲಮಾಳಿಗೆಗಳ ಕಡೆಗೆ ತಳ್ಳಬಹುದು. ಪ್ರತಿ ದುರಸ್ತಿಯ ನಂತರವೂ ಬಾಣದ ಗುರುತು ನೋಡಿ, ಫೇಸ್ ಸರದಿ ಕಾಯುವ ರಿಲೇ ಹಾಕಿಸಿ.

ಕ್ಯಾಟಲಾಗಿನ ಅಂಕಿ ಸಮುದ್ರಮಟ್ಟದ್ದು. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡ ಹತ್ತನೇ ಒಂದು ಭಾಗದಷ್ಟು ಕಡಿಮೆ. ಚೆನ್ನೈಯಲ್ಲಿ ಪಾಸಾದ ಬ್ಲೋಯರ್ ಇಲ್ಲಿ ಶೇ 10ರಷ್ಟು ಹಿಂದೆ ಬಿದ್ದರೆ ಅದು ದೋಷವಲ್ಲ. ಅದನ್ನು ಕಳೆದ ಮೇಲೂ ಕೊರತೆ ಇದ್ದರೆ ಫಿಲ್ಟರ್ ತೆಗೆದು ಕೆಂಪು ದೂಳು ಕೊಡವಿ, ಬೆಲ್ಟ್ ನೋಡಿ, ಬೇರಿಂಗಿನ ಸದ್ದು ಕೇಳಿ. ಆಮೇಲೆ ಬೇಕಾದರೆ ನನಗೆ ಫೋನ್ ಮಾಡಿ.

ಸುಳ್ಳು ಹೇಳುವ ಮೀಟರ್

ಅತಿನೇರಳೆ ದೀಪದ ಬೆಳಕಿನಿಂದ ಆವಿ ಅಳೆಯುವ ಪಿಐಡಿ ಉಪಕರಣದೊಳಗೆ ಸಣ್ಣ ಪಂಪ್ ಇರುತ್ತದೆ. ನಿರ್ವಾತವಿರುವ ಕೊಳವೆಗೆ ಅದನ್ನು ಚುಚ್ಚಿದರೆ ಎಳೆಯಲು ಅದಕ್ಕೆ ಶಕ್ತಿ ಸಾಲದೆ ಅಂಕಿ ಕಡಿಮೆ ಬರುತ್ತದೆ. ಒಂದು ಜಾಗದಲ್ಲಿ ಒಂದು ತಿಂಗಳಿನ ದಾಖಲೆ ಪೂರ್ತಿ ಹೀಗೆ ಹಾಳಾಗಿತ್ತು. ಬ್ಲೋಯರ್ ದಾಟಿದ ಮೇಲೆ ಅಳೆಯಿರಿ, ಅಥವಾ ಕೈಪಂಪಿನಿಂದ ಚೀಲಕ್ಕೆ ತುಂಬಿಸಿಕೊಂಡು ಅಳೆಯಿರಿ. ತೇವವೂ ಅದರ ಕಣ್ಣನ್ನು ಮಂಕಾಗಿಸುತ್ತದೆ. ಮಳೆಗಾಲದ ಕಡಿಮೆ ಅಂಕಿಯನ್ನು ದೀಪ ಒರೆಸಿ ಮತ್ತೊಮ್ಮೆ ನೋಡದೆ ನಂಬಬೇಡಿ.

ದಹನಶೀಲ ಅನಿಲದ ಮೀಟರ್ ಕೂಗುತ್ತಿದೆ, ಪಿಐಡಿ ಮಾತ್ರ ಸುಮ್ಮನಿದೆ ಎಂದಾದರೆ ಅದು ಮೀಥೇನ್. ಪಿಐಡಿಯ ಸಾಮಾನ್ಯ 10.6 ಎಲೆಕ್ಟ್ರಾನ್‌ವೋಲ್ಟ್ (ಇವಿ) ಶಕ್ತಿಯ ದೀಪಕ್ಕೆ ಮೀಥೇನ್ ಕಾಣುವುದೇ ಇಲ್ಲ. ಅದು ಒಡೆದ ಒಳಚರಂಡಿಯಿಂದ ಬಂದಿರಬಹುದು, ಕೆರೆಯ ಗೋಡಿನಿಂದ ಬಂದಿರಬಹುದು. ಎಥನಾಲ್ ಬೆರೆತ ಪೆಟ್ರೋಲ್ ಸೋರಿದ್ದರೆ, ಗಾಳಿ ತಲುಪದ ಮಣ್ಣಿನಲ್ಲಿ ಎಥನಾಲ್ ಕೊಳೆತೂ ಮೀಥೇನ್ ಹುಟ್ಟುತ್ತದೆ.

ಅಂದಾಜಿಗೆ ಒಂದು ಲೆಕ್ಕ: ಗಂಟೆಗೆ 100 ಘನ ಮೀಟರ್ ಗಾಳಿಯಲ್ಲಿ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಪೆಟ್ರೋಲ್ ಆವಿ ಇದ್ದರೆ ದಿನಕ್ಕೆ ಸುಮಾರು 9 ಕಿಲೋ, ಅಂದರೆ 12 ಲೀಟರ್ ಹೊರಬರುತ್ತದೆ. ಇದ್ದಿಲು ತನ್ನ ತೂಕದ ಶೇ 10ರಿಂದ 20ರಷ್ಟು ಹಿಡಿಯುತ್ತದೆ ಎಂದುಕೊಂಡರೂ 200 ಕಿಲೋ ಡ್ರಮ್ ಎರಡರಿಂದ ನಾಲ್ಕು ದಿನದಲ್ಲಿ ತುಂಬುತ್ತದೆ. ಇದಕ್ಕಿಂತ ಬೇಗ ತುಂಬಿತೆಂದರೆ ಗಾಳಿ ತೀರಾ ತೇವವಾಗಿದೆ ಅಥವಾ ತೀರಾ ಬಿಸಿಯಾಗಿದೆ. ಎರಡು ಡ್ರಮ್ಮುಗಳ ನಡುವೆ ಅಳೆಯಿರಿ, ಕೊನೆಯದರ ನಂತರ ಮಾತ್ರ ಅಳೆದರೆ ತಡವಾಗಿರುತ್ತದೆ. ಬಳಸಿದ ಇದ್ದಿಲು ಅಪಾಯಕಾರಿ ತ್ಯಾಜ್ಯ. ಇಸ್ತ್ರಿ ಅಂಗಡಿಗೆ ಕೊಡುವಂಥದ್ದಲ್ಲ.

ಅಂಕಿ ಇಳಿದು ನಿಂತಾಗ

ಎಲ್ಲ ಸರಿಯಿದ್ದೂ ಆವಿಯ ಅಂಕಿ ಇಳಿಯುತ್ತ ಬಂದು ಒಂದು ಕಡೆ ಮಲಗುತ್ತದೆ. ಸೋರಿದ್ದು ಜನರೇಟರಿನ ಡೀಸೆಲ್ ಆಗಿದ್ದರೆ ಇದು ಬೇಗನೇ ಆಗುತ್ತದೆ, ಏಕೆಂದರೆ ಡೀಸೆಲಿನ ಬಹುಭಾಗ ಆವಿಯಾಗಲು ಒಲ್ಲದು. ಅಲ್ಲಿ ಹರಿವನ್ನು ಇಳಿಸಿ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಉಸಿರಾಡುವಷ್ಟು ಗಾಳಿ ಕೊಟ್ಟು, ಉಳಿದ ಕೆಲಸವನ್ನು ಅವಕ್ಕೇ ಬಿಡುವುದು ಮೇಲು.

ಪೆಟ್ರೋಲ್ ಆದರೆ ಘಟಕವನ್ನು ಎರಡರಿಂದ ನಾಲ್ಕು ವಾರ ನಿಲ್ಲಿಸಿ ಮತ್ತೆ ಚಾಲೂ ಮಾಡಿ. ಅಂಕಿ ಏರದಿದ್ದರೆ ಮಣ್ಣಿನ ಮಾದರಿ ತೆಗೆಸಬಹುದು. ಥಟ್ಟನೆ ಏರಿ ಎರಡು ಮೂರು ದಿನಗಳಲ್ಲಿ ಇಳಿದರೆ, ಜೇಡಿಯ ಹೆಂಟೆಗಳೊಳಗೆ ಅಡಗಿದ್ದ ಪೆಟ್ರೋಲ್ ಮೆಲ್ಲಗೆ ಹೊರಗೆ ಬರುತ್ತಿದೆ. ಒಂದು ವಾರ ಓಡಿಸಿ ಒಂದು ವಾರ ನಿಲ್ಲಿಸುತ್ತ ಹೋಗಿ, ಕರೆಂಟಿನ ಬಿಲ್ಲೂ ಉಳಿಯುತ್ತದೆ. ಏರಿದ್ದು ಇಳಿಯುವುದೇ ಇಲ್ಲ ಎಂದರೆ ನಾನು ಉಪಕರಣಗಳ ಪೆಟ್ಟಿಗೆ ಮುಚ್ಚಿ ಬಂಕಿನ ಡಿಪ್ ರಿಜಿಸ್ಟರ್ ಕೇಳುತ್ತೇನೆ. ಟ್ಯಾಂಕಿನಲ್ಲಿ ಅಳೆದ ಪೆಟ್ರೋಲಿಗೂ ಮಾರಾಟದ ಲೆಕ್ಕಕ್ಕೂ ನಡುವಿನ ಕೊರತೆ ದಿನದಿನವೂ ಒಂದೇ ದಿಕ್ಕಿಗೆ ವಾಲಿದ್ದರೆ, ಪಂಪಿನಡಿಯ ಕೊಳವೆ ಈಗಲೂ ತೊಟ್ಟಿಕ್ಕುತ್ತಿದೆ. ಆ ಕೊಳವೆಯ ಮಾರಾಟ ನಿಲ್ಲಿಸಿ ಒತ್ತಡದ ಪರೀಕ್ಷೆ ಮಾಡಿಸುವ ತನಕ ಹೀರುವ ಘಟಕವನ್ನು ನಿಲ್ಲಿಸಬೇಡಿ, ಇದ್ದಿಲಿನ ಇನ್ನೊಂದು ಡ್ರಮ್ ತರಿಸಿಟ್ಟುಕೊಳ್ಳಿ.